ಮಾಸ್ತರರ ಚುಕ್ಕಿಯ ಮೂರು ಸಾಲು

ಕಂಪ್ಯೂಟರ್ ಕೋಣೆಯೊಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಗದುಗಿನಲ್ಲಿ ಹತ್ತಿ ಮಾರಾಟದ ಒಂದು ಸಂಘದ ಕಚೇರಿಗೆ ನಾನು ಆಪರೇಟರ್ ಆಗಿ ಸೇರಿದ್ದು ಎಂಬತ್ತರ ದಶಕ ಮುಗಿಯಲು ಬಂದಾಗ. ಕೋಣೆಯ ಹೊರಗೆ ಒಂದು ಬೆಂಚು, ಬೆಂಚಿನ ಕೆಳಗೆ ಎಲ್ಲರ ಚಪ್ಪಲಿ. ಒಳಗೆ ತಂಪು ಮಾಡುವ ಯಂತ್ರ, ಕಿಟಕಿಗೆ ದಪ್ಪ ಪರದೆ, ಹತ್ತಿಯ ಎಳೆ ಹಾರಿ ಬರದಂತೆ ಬಾಗಿಲ ಸಂದಿಗೆ ತುರುಕಿದ ಹಳೆಯ ಬಟ್ಟೆ. ಮಹಾನವಮಿಗೆ ಹಚ್ಚಿದ ಕುಂಕುಮ ಮಾನಿಟರಿನ ಮೇಲೆ ವರ್ಷಪೂರ್ತಿ ಇರುತ್ತಿತ್ತು. ಅದನ್ನು ಒರೆಸಲು ನಮ್ಮ ಸಿಪಾಯಿ ಬಿಡುತ್ತಿರಲಿಲ್ಲ.

ಆ ಯಂತ್ರಕ್ಕೆ ಸ್ವಂತ ನೆನಪು ಇರಲಿಲ್ಲ. ಮುಂಭಾಗದಲ್ಲಿ ಅಕ್ಕಪಕ್ಕ ಎರಡು ಬಾಯಿ. ಎಡಗಡೆಯ ಬಾಯಿಗೆ ಒಂದು ಡಿಸ್ಕು ಹಾಕಿದರೆ ಎದ್ದು ಕೂರುತ್ತಿತ್ತು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ಚಿತ್ರ ತೋರಿಸಿ ಇದನ್ನು ಒತ್ತು, ಅದನ್ನು ಒತ್ತು ಎನ್ನುವ ಈಗಿನ ಯಂತ್ರದಂತಲ್ಲ. ಏನು ಬೇಕೋ ಅದನ್ನು ಒಂದು ಸಾಲಿನಲ್ಲಿ ಟೈಪ್ ಮಾಡಿ ಹೇಳಬೇಕು. ಹೇಳಿದ್ದನ್ನು ಮಾಡುತ್ತಿತ್ತು. ತಪ್ಪು ಹೇಳಿದರೆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಮಾಡುತ್ತಿತ್ತು. ಹುಬ್ಬಳ್ಳಿಯ ಒಂದು ಕ್ಲಾಸಿನಲ್ಲಿ ಮೂರು ತಿಂಗಳು ಕಲಿತ ಇಪ್ಪತ್ತೋ ಇಪ್ಪತ್ತೈದೋ ಆಜ್ಞೆಗಳನ್ನು ಇಟ್ಟುಕೊಂಡು ನಾನು ಆ ಕೋಣೆಯಲ್ಲಿ ದೊಡ್ಡ ಮನುಷ್ಯಳಾಗಿದ್ದೆ.

ಹೊರಗಿನ ಬೆಂಚಿನ ಮೇಲೆ ಶನಿವಾರ ಮಧ್ಯಾಹ್ನ ಬಂದು ಕೂರುತ್ತಿದ್ದವರು ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮಾಸ್ತರರು. ಲಕ್ಷ್ಮೇಶ್ವರದ ಮುಸಲ್ಮಾನ ಮನೆತನದವರು. ಅಣ್ಣತಮ್ಮಂದಿರದು ಅಲ್ಲಿ ಕಾಳುಕಡಿ ವ್ಯಾಪಾರ. ಇವರೊಬ್ಬರು ಓದಿಕೊಂಡು ಬೆಟಗೇರಿಗೆ ಬಂದು ನಮ್ಮ ಓಣಿಯಲ್ಲೇ ಬಾಡಿಗೆ ಕೋಣೆ ಹಿಡಿದಿದ್ದರು. ನಮ್ಮದು ನೇಕಾರರ ಓಣಿ. ಬೆಳಗಿನಿಂದ ಮಗ್ಗದ ಸದ್ದು. ಎಪ್ಪತ್ತರ ದಶಕವೆಲ್ಲ ಅವರು ಆ ಸದ್ದಿನಲ್ಲೇ ಪಾಠದ ಪುಸ್ತಕ ಓದಿಕೊಳ್ಳುತ್ತಿದ್ದರು. ಕತ್ತಲಾದ ಮೇಲೆ ನಮ್ಮ ಮಾಳಿಗೆ ಹತ್ತುತ್ತಿದ್ದರು.

ಅವರಿಗಿದ್ದ ಒಂದೇ ಚಟ ಚುಕ್ಕಿಯದು. ಕೆಲವು ಚುಕ್ಕಿಗಳ ಬೆಳಕು ಒಂದೇ ಸಮ ಇರುವುದಿಲ್ಲವಂತೆ, ಏರುತ್ತದೆ, ಇಳಿಯುತ್ತದೆ. ಮಾಸ್ತರರು ಹಳೆಯದೊಂದು ದುರ್ಬೀನಿನಿಂದ ಅವನ್ನು ನೋಡಿ, ಪಕ್ಕದ ಚುಕ್ಕಿಗಳೊಡನೆ ಹೋಲಿಸಿ, ಇವತ್ತು ಇದರ ಬೆಳಕು ಇಷ್ಟು ಎಂದು ಅಂಕಿಯಲ್ಲಿ ಬರೆದಿಡುತ್ತಿದ್ದರು. ಅಂಕಿ ದೊಡ್ಡದಾದಷ್ಟೂ ಚುಕ್ಕಿ ಮಂಕು. ತಿಂಗಳಿಗೊಮ್ಮೆ ಆ ಹಾಳೆಗಳನ್ನು ಪರದೇಶದ ಒಂದು ಸಂಘಕ್ಕೆ ಅಂಚೆಯಲ್ಲಿ ಕಳಿಸುವುದು. ಲೋಕದ ಬೇರೆ ಬೇರೆ ಕಡೆಯಿಂದ ಇಂಥವೇ ಹಾಳೆಗಳು ಅಲ್ಲಿ ಬಂದು ಸೇರುತ್ತಿದ್ದವು.

ಒಂದು ಮಾಗಿಯಲ್ಲಿ, ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಮೂರು ದಿನ ಬೆಳಗಿನ ಜಾವ ಒಂದು ಚುಕ್ಕಿ ಅವರ ಕಣ್ಣೆದುರೇ ಮಂಕಾಯಿತು. ಯಾವತ್ತೂ ಏಳರ ಆಸುಪಾಸು ಇರುತ್ತಿದ್ದದ್ದು ಎಂಟೂವರೆಗೆ ಹೋಯಿತು. ನಾಲ್ಕನೆಯ ದಿನದಿಂದ ಮೋಡ. ಮೋಡ ಹರಿದ ಮೇಲೆ ನೋಡಿದರೆ ಚುಕ್ಕಿ ಮೊದಲಿನ ಹಾಗೇ ಇತ್ತು. ಅವರು ಬರೆದು ಕಳಿಸಿದರು. ಎರಡು ತಿಂಗಳಿಗೆ ಸಂಘದಿಂದ ನಾಲ್ಕು ಸಾಲಿನ ಉತ್ತರ ಬಂತು. ಇದು ಬೇರೆ ಯಾರಿಗೂ ಕಂಡಿಲ್ಲ, ತಾವು ಬಹುಶಃ ಪಕ್ಕದ ಚುಕ್ಕಿಯನ್ನು ನೋಡಿರಬೇಕು.

ಅವರು ಆ ಕಾಗದವನ್ನು ಶಾಲೆಯ ಇನ್ನೊಬ್ಬ ಮಾಸ್ತರರಿಗೆ ತೋರಿಸಿ ಕೆಟ್ಟರು. ಒಂದು ವಾರದಲ್ಲಿ ಖಬರು ಚಹಾದ ಅಂಗಡಿಯವರೆಗೆ ಹೋಗಿತ್ತು.

"ಏನ್ರಿ ಮಾಸ್ತರ್ರ, ಚುಕ್ಕಿಗೆ ಎಣ್ಣಿ ಹಾಕಿ ಬಂದ್ರ್ಯಾ? ಇಲ್ಲಾಂದ್ರ ಮತ್ತ ಆರೀತು ನೋಡ್ರಿ!"

"ನೀ ಮೊದ್ಲ ಚಹಾಕ್ಕ ಹಾಲು ಹಾಕಲೇ," ಎನ್ನುತ್ತಿದ್ದರು ಇವರು. ನಗುತ್ತಲೇ ಅನ್ನುತ್ತಿದ್ದರು. ಆದರೆ ಆ ಅಂಗಡಿಗೆ ಹೋಗುವುದನ್ನು ಮೆಲ್ಲಗೆ ಬಿಟ್ಟರು.

ನಿವೃತ್ತರಾಗಿ ಲಕ್ಷ್ಮೇಶ್ವರಕ್ಕೆ ಹೋದ ಮೇಲೆ ಅವರ ಕಣ್ಣು ಕೆಡತೊಡಗಿತು. ಹುಬ್ಬಳ್ಳಿಯ ಡಾಕ್ಟರು ನೋಡಿ, ಕಣ್ಣಿನ ಒಳಪರದೆ ನಟ್ಟನಡುವೆ ಸವೆಯುತ್ತಿದೆ, ಔಷಧವಿಲ್ಲ, ಅಂಚಿನ ನೋಟ ಉಳಿಯುತ್ತದೆ, ನಡುವಿನದು ವರ್ಷದೊಳಗೆ ಹೋಗುತ್ತದೆ ಎಂದರಂತೆ. ಅಂದರೆ ಓಡಾಡಬಹುದು, ಓದಲಾಗುವುದಿಲ್ಲ. ಅವರು ಆಗಲೇ ನನ್ನ ಮುಖ ನೋಡಬೇಕಾದರೆ ನನ್ನ ಕಿವಿಯ ಕಡೆ ದೃಷ್ಟಿ ಇಡುತ್ತಿದ್ದರು.

ಪರದೇಶದ ಆ ಸಂಘದವರು ತಮ್ಮ ಹಳೆಯ ಹಾಳೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸುತ್ತಿದ್ದಾರೆ, ಅದರ ಒಂದು ಪ್ರತಿ ನಮ್ಮ ದೇಶದ ಒಬ್ಬ ಸಂಶೋಧಕರ ಬಳಿ ಬಂದಿದೆ ಎಂದು ಎಲ್ಲೋ ಓದಿದ ಮಾಸ್ತರರು ಅವರಿಗೆ ಕಾಗದದ ಮೇಲೆ ಕಾಗದ ಬರೆದರು. ಆ ವಾರ ಬೇರೆಯವರು ಏನು ಬರೆದಿದ್ದರು? ಅದನ್ನು ತಮ್ಮ ಕಣ್ಣಿನಿಂದಲೇ ಒಮ್ಮೆ ನೋಡಬೇಕು. ಕಣ್ಣು ಹೋಗುವುದರೊಳಗೆ. ಅವರಿಗೆ ಬೇಕಾಗಿದ್ದುದು ಇಷ್ಟೇ.

ಶಿವರಾತ್ರಿಯ ಹಿಂದಿನ ಶನಿವಾರ ಬಂದರು. ಕೈಯಲ್ಲಿ ರಟ್ಟಿನ ನಡುವೆ ಕಟ್ಟಿದ ಲಕೋಟೆ.

"ಬಂತು ಯವ್ವಾ."

"ಬರ್ರಿ ಸರ್ರ, ಕುಂಡ್ರಿ. ನೀರು ತರಿಸ್ಲ್ಯಾ?"

"ನೀರು ಆಮ್ಯಾಲ. ಇದನ್ನ ಇಳಿಸಿಕೊಡು ಮೊದ್ಲ."

ಲಕೋಟೆಯಲ್ಲಿ ಒಂದು ಡಿಸ್ಕು, ಒಂದು ಕಾಗದ. ಸಂಶೋಧಕರು ಮುದ್ದಾದ ಕೈಬರಹದಲ್ಲಿ ಅನುಕ್ರಮವಾಗಿ ಆಜ್ಞೆಗಳನ್ನು ಬರೆದಿದ್ದರು. ಮೊದಲು ಈ ಡಿಸ್ಕಿನ ನಕಲು ಮಾಡಿಕೊಳ್ಳಿ, ಮೂಲವನ್ನು ಎತ್ತಿಡಿ. ನಕಲಿನ ಮೇಲೆ ಕೆಲಸ ಮಾಡಿ, ಜಾಗ ಉಳಿಸಲು ಮಡಚಿ ತುಂಬಿದ ಕಡತವನ್ನು ಬಿಚ್ಚಿ. ಆಮೇಲೆ ಬೇಕಾದ ದಿನಗಳ ಸಾಲುಗಳನ್ನು ಹುಡುಕಿ ತೆಗೆಯಿರಿ. ಡಿಸ್ಕಿನ ಅಂಚಿನಲ್ಲಿದ್ದ ಚಿಕ್ಕ ಕಚ್ಚಿನ ಮೇಲೆ ಬೆಳ್ಳಿ ಬಣ್ಣದ ಒಂದು ಚೀಟಿ ಅಂಟಿಸಿದ್ದರು.

ಅಂದು ನಮ್ಮ ಸಾಹೇಬರು ಹತ್ತಿಯ ಆವಕದ ಪಟ್ಟಿ ಕೇಳಿದ್ದರಿಂದ ಆಗಲಿಲ್ಲ. "ಇಟ್ಟು ಹೋಗ್ರಿ ಸರ್ರ, ಸೋಮವಾರ ಜಲ್ದಿ ಬಂದು ಮಾಡಿಡ್ತೀನಿ, ಮುಂದಿನ ಶನಿವಾರ ಬಂದು ನೋಡೂವಂತ್ರಿ," ಎಂದೆ. ಅವರು ಲಕೋಟೆಯನ್ನು ನನ್ನ ಕೈಯಲ್ಲಿಟ್ಟು, ಬಿಡಲೋ ಬೇಡವೋ ಎಂಬಂತೆ ಒಂದು ಗಳಿಗೆ ಹಿಡಿದುಕೊಂಡೇ ಇದ್ದು, ಬಿಟ್ಟರು.

ಇಲ್ಲಿ ನಮ್ಮ ಮನೆಯ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ಮಗ್ಗದ ಮೇಲೆ ಒಂದು ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳ ಸಾಲು, ನೇಯ್ದು ಮುಗಿದರೆ ಅದನ್ನು ಪೂರಾ ತೆಗೆಯುವುದಿಲ್ಲ. ಹಳೆಯ ಹಾಸಿನ ತುದಿಗಳನ್ನು ಮಗ್ಗದಲ್ಲೇ ಬಿಟ್ಟು, ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಿನಿಂದ ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ. ನಮ್ಮ ಓಣಿಯ ಹೆಂಗಸರ ಕೆಲಸ ಅದು. ನಾನು ಎಂಟು ವರ್ಷದವಳಿದ್ದಾಗ ಅವ್ವ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದಳು.

"ಎಡಗೈಯಾಗ ಹೊಸದು, ಬಲಗೈಯಾಗ ಹಳೇದು. ಕೈ ನೋಡಬ್ಯಾಡ, ಎಳಿ ನೋಡು. ಗಂಟು ಅಡ್ಡ ಬಂತಂದ್ರ ಬಿಡಿಸಿ ಒಗಿ, ಮುಂದ ನಡಿ. ಕುಂತು ವಿಚಾರ ಮಾಡಿದ್ರ ಹಾಸು ಮುಗ್ಯಾಂಗಿಲ್ಲ."

ಹತ್ತು ಹನ್ನೆರಡು ವರ್ಷ ಹಾಗೆ ಮಾಡಿದ ಕೈ ನನ್ನದು.

ಡಿಸ್ಕಿನಿಂದ ಡಿಸ್ಕಿಗೆ ಪೂರ್ತಿ ನಕಲು ಮಾಡುವ ಕೆಲಸ ಕಚೇರಿಯಲ್ಲಿ ನನಗೆ ಬೀಳುತ್ತಿರಲಿಲ್ಲ. ತಿಂಗಳಿಗೊಮ್ಮೆ ಬರುವ ಮೆಕ್ಯಾನಿಕ್ ಅದನ್ನು ಮಾಡಿಹೋಗುತ್ತಿದ್ದ. ಆದರೆ ಆಜ್ಞೆ ಗೊತ್ತಿತ್ತು. ಎಡಗಡೆಯ ಬಾಯಲ್ಲಿದ್ದದ್ದನ್ನು ಓದಿ, ಬಲಗಡೆಯ ಬಾಯಲ್ಲಿದ್ದದ್ದರ ಮೇಲೆ ಬರೆಯುತ್ತದೆ. ಸೋಮವಾರ ಬೆಳಿಗ್ಗೆ ಆಜ್ಞೆ ಟೈಪ್ ಮಾಡಿದೆ. ಯಂತ್ರ ಎರಡೂ ಡಿಸ್ಕು ಹಾಕು ಎಂದಿತು. ಹೊಸ ಖಾಲಿ ಡಿಸ್ಕು ಎಡಗೈಯಲ್ಲಿತ್ತು, ಮಾಸ್ತರರ ಡಿಸ್ಕು ಬಲಗೈಯಲ್ಲಿ. ಎಡಗೈಯದನ್ನು ಎಡಕ್ಕೆ ಹಾಕಿದೆ, ಬಲಗೈಯದನ್ನು ಬಲಕ್ಕೆ.

ಯಂತ್ರ ಮುಂದೆ ಹೋಗಲಿಲ್ಲ. ಬಲಗಡೆಯ ಡಿಸ್ಕಿನ ಮೇಲೆ ಬರೆಯಲು ಅವಕಾಶವಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ತೋರಿಸಿ ನಿಂತಿತು. ಅಲ್ಲಾದರೂ ವಿಚಾರ ಮಾಡಬಹುದಿತ್ತು. ಮಾಡಲಿಲ್ಲ. ಆ ಬೆಳ್ಳಿ ಚೀಟಿ ಅಡ್ಡ ಬಂದಿದೆ ಎನ್ನುವುದಷ್ಟು ತಿಳಿಯಿತು. ಡಿಸ್ಕು ಹೊರತೆಗೆದು ಚೀಟಿಯನ್ನು ಉಗುರಿನಿಂದ ಎಬ್ಬಿಸಿ ಕಿತ್ತೆ. ಮತ್ತೆ ಬಲಕ್ಕೇ ಹಾಕಿದೆ. ಗುಂಡಿ ಒತ್ತಿದೆ.

ಯಂತ್ರ ಕರಕರ ಎನ್ನುತ್ತಾ ಎರಡು ಮೂರು ನಿಮಿಷ ಕೆಲಸ ಮಾಡಿತು. ನಾನು ಆ ಹೊತ್ತಿನಲ್ಲಿ ಟೇಬಲ್ಲಿನ ಧೂಳು ಒರೆಸಿದೆ, ಗಡಿಯಾರಕ್ಕೆ ಕೀಲಿ ಕೊಟ್ಟೆ. ಮುಗಿಯಿತು ಎಂದು ಬಂದ ಮೇಲೆ ನಕಲಿನಲ್ಲಿ ಏನಿದೆ ಎಂದು ಕೇಳಿದೆ. ಏನೂ ಇಲ್ಲ ಎಂದಿತು. ಮೂಲದಲ್ಲಿ ಏನಿದೆ ಎಂದು ಕೇಳಿದೆ. ಏನೂ ಇಲ್ಲ.

ಖಾಲಿಯನ್ನು ತುಂಬಿದ್ದರ ಮೇಲೆ ನಕಲು ಮಾಡಿದ್ದೆ. ಡಿಸ್ಕನ್ನು ಹಾಕಿ ತೆಗೆದು ಎಷ್ಟು ಸಲ ಕೇಳಿದೆನೋ. ಬೆಳ್ಳಿ ಚೀಟಿ ಇನ್ನೂ ಹೆಬ್ಬೆರಳಿಗೆ ಅಂಟಿಕೊಂಡಿತ್ತು.

ಶನಿವಾರ ಅವರು ಬಂದಾಗ ನಾನು ಹೇಳಿದ್ದು, "ಮಷೀನ್ ಕೆಟ್ಟೈತ್ರಿ ಸರ್ರ."

ಹೇಳಬೇಕೆಂದು ಮೊದಲೇ ಮನಸ್ಸು ಮಾಡಿದ್ದೇನೂ ಅಲ್ಲ. ಅವರು ಬೆಂಚಿನ ಮೇಲೆ ಕೂತು ಜೇಬಿನಿಂದ ಭೂತಗನ್ನಡಿ ತೆಗೆದು ಕರವಸ್ತ್ರದಿಂದ ಒರೆಸುತ್ತಿದ್ದರು. ಆ ಮಾತು ತಾನೇ ಬಾಯಿಗೆ ಬಂತು. "ಹೌದಾ? ಇರ್ಲಿ ಬಿಡು, ಮುಂದಿನ ವಾರ ಬರ್ತೀನಿ," ಎಂದರು. ಮುಂದಿನ ವಾರವೂ ಕೆಟ್ಟಿತ್ತು. ಅದರ ಮುಂದಿನ ವಾರ ಮೆಕ್ಯಾನಿಕ್ ಬಂದಿರಲಿಲ್ಲ. ನಾಲ್ಕನೆಯ ವಾರ ಒಂದು ಸಾಮಾನು ಬರಬೇಕಾಗಿತ್ತು. ಪ್ರತಿ ಸಲ ಲಕ್ಷ್ಮೇಶ್ವರದಿಂದ ಬಸ್ಸು, ಬಸ್‌ಸ್ಟ್ಯಾಂಡಿನಿಂದ ನಡಿಗೆ, ಬೆಂಚು, ಒಂದು ಲೋಟ ನೀರು, ಮತ್ತೆ ನಡಿಗೆ. ಮಾಗಡಿ ಕೆರೆಯ ಮಗ್ಗುಲಲ್ಲಿ ಬಸ್ಸು ಬರುವಾಗ ಹಕ್ಕಿಗಳ ಸದ್ದು ಕೇಳುತ್ತದೆ, ಹಕ್ಕಿ ಮಾತ್ರ ಕಾಣುವುದಿಲ್ಲ ಎಂದು ಒಮ್ಮೆ ಹೇಳಿದರು. ಮೊದಲ ವಾರ ಅವರು ಗೋಡೆಯ ಕ್ಯಾಲೆಂಡರಿನ ತಾರೀಖು ಓದಿದ್ದರು. ನಾಲ್ಕನೆಯ ವಾರ ಎದ್ದುಹೋಗಿ ಅದರ ಮುಂದೆ ಮುಖ ಓರೆ ಮಾಡಿ ನಿಂತು, ಸುಮ್ಮನೆ ಬಂದು ಕೂತರು.

ಐದನೆಯ ಶನಿವಾರ ನಾನು ಒಳಗಿದ್ದೆ. ಬಾಗಿಲ ಸಂದಿಯಿಂದ ಸಿಪಾಯಿಯ ಧ್ವನಿ ಕೇಳಿತು.

"ಕೆಟ್ಟೈತಾ? ಯಾರು ಹೇಳಿದ್ರು ನಿಮಗ? ಶಿವರಾತ್ರಿಗೂ ಸೂಟಿ ಇಲ್ಲದ ನಡದೈತ್ರಿ ಅದು. ಇಡೀ ದಿನ ಕಟಕಟ ಕಟಕಟ. ನನಗ ತಲಿಶೂಲಿ ಬಂದೈತಿ, ಮಷೀನಿಗೆ ಬಂದಿಲ್ಲ."

ಹೊರಗೆ ಬಂದೆ. ಸಿಪಾಯಿ ನನ್ನ ಮುಖ ನೋಡಿ, ತಾನು ಏನೋ ಕೆಡಿಸಿದೆ ಎಂದು ತಿಳಿದು, ಚಹಾ ತರುವ ನೆವ ಮಾಡಿ ಹೋದ. ನಾನು ಬೆಂಚಿನ ಇನ್ನೊಂದು ತುದಿಗೆ ಕೂತು ಎಲ್ಲವನ್ನೂ ಹೇಳಿದೆ.

"ಒಂದು ಸಾಲೂ ಉಳದಿಲ್ಲ?"

"ಇಲ್ರಿ."

"ಆ ಚೀಟಿ ಯಾಕ ಕಿತ್ತಿ?"

"ಅಡ್ಡ ಬಂತ್ರಿ."

"ಅಡ್ಡ ಬರ್ಲಿ ಅಂತನ ಹಚ್ಚಿದ್ರವ್ವಾ ಅದನ್ನ."

ನನಗೆ ಅಳು ಬಂತು. ಅವರು ಧ್ವನಿ ಏರಿಸಲಿಲ್ಲ, ತರಗತಿಯಲ್ಲಿ ಮಾತಾಡಿದ ಹಾಗೇ ಹೇಳಿದರು.

"ಕೈ ತಪ್ಪಿತು, ಆತು. ನನ್ನ ಕೈಯಾಗೂ ಪ್ರಯೋಗ ಕೆಟ್ಟಾವು. ಆದ್ರ ಅವತ್ತ ಹೇಳಿದ್ರ ಅವತ್ತ ಇನ್ನೊಂದು ಕಾಗದ ಹಾಕ್ತಿದ್ದೆ. ನಾಕು ವಾರ ಕಳದಿಯಲ್ಲ ಯವ್ವಾ. ನಾಕು ವಾರದ ಕಣ್ಣು ಅದು."

ಸಂಶೋಧಕರಿಗೆ ಕಾಗದ ಬರೆದೆ. ಮಾಸ್ತರರು ಹೇಳಿದರು, ನಾನು ಬರೆದೆ. ಆ ಕಾಗದದಲ್ಲಿ ಅವರು ನನ್ನ ತಪ್ಪನ್ನು ಹೇಳಲಿಲ್ಲ, ಡಿಸ್ಕು ಕೆಟ್ಟಿತು ಎಂದಷ್ಟೇ ಬರೆಸಿದರು. ಎರಡು ತಿಂಗಳ ಮೇಲೆ ಉತ್ತರ ಬಂತು. ಪ್ರವಾಸದಲ್ಲಿದ್ದೆ, ಕಳಿಸುತ್ತೇನೆ. ಅದಾಗಿ ಮತ್ತೆ ಮೂರು ತಿಂಗಳು. ಡಿಸ್ಕು ಕಚೇರಿಯ ವಿಳಾಸಕ್ಕೆ ಬಂದಾಗ ಶ್ರಾವಣ ಹಿಡಿದಿತ್ತು.

ಈ ಸಲ ಎರಡೂ ಡಿಸ್ಕಿನ ಮೇಲೆ ಶಾಯಿಯಲ್ಲಿ ಹಳೇದು, ಹೊಸದು ಎಂದು ಬರೆದೆ. ಬೆಳ್ಳಿ ಚೀಟಿಯನ್ನು ಮುಟ್ಟಲಿಲ್ಲ. ನಕಲು ಆಯಿತು. ಕಡತ ಬಿಚ್ಚಿತು. ಎಲ್ಲವೂ ಹತ್ತು ನಿಮಿಷದ ಕೆಲಸ. ಮಾಸ್ತರರಿಗೆ ಕಾರ್ಡು ಹಾಕಿದೆ.

ಅವರು ಶನಿವಾರ ಮಳೆಯಲ್ಲೇ ಬಂದರು. ಚಪ್ಪಲಿ ಬಿಟ್ಟು, ಛತ್ರಿಯನ್ನು ಬೆಂಚಿಗೆ ಒರಗಿಸಿ, ಗೋಡೆ ಹಿಡಿದುಕೊಂಡು ಒಳಗೆ ಬಂದರು. ಭೂತಗನ್ನಡಿ ತಂದಿರಲಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಪರದೆಯ ಒಂದು ಅಂಚನ್ನು ನೋಡುತ್ತಾ, "ಹಸಿರು ಐತಿ," ಎಂದರು. "ಅಷ್ಟ ಗೊತ್ತಾಗ್ತೈತಿ. ಓದು ನೀನು."

ಅಂಥ ಕಡತಗಳಲ್ಲಿ ನಮ್ಮ ತಾರೀಖು ಇರುವುದಿಲ್ಲ. ಎಂದೋ ಹಿಂದಿನ ಕಾಲದಿಂದ ದಿನಗಳನ್ನು ಒಂದೇ ಸಮ ಎಣಿಸಿಕೊಂಡು ಬಂದ ಏಳು ಅಂಕಿಯ ಸಂಖ್ಯೆ ಇರುತ್ತದೆ. ಮಾಸ್ತರರಿಗೆ ತಮ್ಮ ಮೂರು ದಿನಗಳ ಸಂಖ್ಯೆ ಬಾಯಿಪಾಠ. ಅವರು ಹೇಳಿದ ಮೊದಲ ಐದು ಅಂಕಿಗಳನ್ನು ಹುಡುಕುವ ಆಜ್ಞೆಯ ಮುಂದೆ ಟೈಪ್ ಮಾಡಿ, ಆ ಅಂಕಿಗಳಿರುವ ಸಾಲುಗಳನ್ನಷ್ಟೇ ತೋರಿಸು ಎಂದೆ. ನೂರು ದಿನಗಳ ಸಾಲುಗಳು ಒಂದರ ಕೆಳಗೊಂದು ಇಳಿದು ಬಂದವು. ಸಂಖ್ಯೆ, ಬೆಳಕಿನ ಅಂಕಿ, ನೋಡಿದವರ ಗುರುತಿನ ಅಕ್ಷರ.

ನಾನು ಓದುತ್ತಾ ಹೋದೆ. ಏಳು ಪಾಯಿಂಟ್ ಒಂದು. ಏಳು ಪಾಯಿಂಟ್ ಸೊನ್ನೆ. ಏಳು ಪಾಯಿಂಟ್ ಒಂದು. ಎಲ್ಲೆಲ್ಲಿಯವರೋ. ಅವರ ಮೂರು ದಿನಗಳ ಹಿಂದೆ ಐದು ದಿನ ಯಾರೂ ಏನೂ ಬರೆದಿರಲಿಲ್ಲ. ಆಮೇಲೆ ಮೂರು ಸಾಲು. ಎಂಟು ಪಾಯಿಂಟ್ ನಾಲ್ಕು, ಎಂಟು ಪಾಯಿಂಟ್ ಆರು, ಎಂಟು ಪಾಯಿಂಟ್ ಐದು. ಮೂರರ ಮುಂದೆಯೂ ಮಾಸ್ತರರ ಗುರುತಿನ ಅಕ್ಷರಗಳು. ಅವುಗಳ ನಂತರ ಮತ್ತೆ ಆರು ದಿನ ಖಾಲಿ. ಆಮೇಲೆ ಏಳು ಪಾಯಿಂಟ್ ಎರಡು.

"ಆ ಮೂರು ದಿನ ಬ್ಯಾರೆ ಯಾರು ಬರದಾರ?"

"ಯಾರೂ ಇಲ್ರಿ ಸರ್ರ. ನೀವೊಬ್ರ."

"ಯಾರಿಗೂ ಕಂಡಿಲ್ಲ ಅಂದ್ರಲ್ಲ ಅವ್ರು?"

"ಯಾರೂ ನೋಡಿಲ್ರಿ. ಹದಿನಾಕು ದಿನದಾಗ ನೀವೊಬ್ರ ನೋಡೀರಿ."

ಅವರು ಮತ್ತೆ ಓದಿಸಿದರು. ಮೂರನೆಯ ಸಲವೂ ಓದಿಸಿದರು. ಅವರ ಮುಖದಲ್ಲಿ ಸಂತೋಷ ಕಾಣುತ್ತದೆ ಎಂದು ನಾನು ಕಾಯುತ್ತಿದ್ದೆ. ಕಾಣಲಿಲ್ಲ. "ಬರೋಬ್ಬರಿ ಐತಲ್ಲ," ಎಂದರು, ತಮಗೆ ತಾವೇ. "ಬಾಳ ಬರೋಬ್ಬರಿ ಐತಿ." ಆಮೇಲೆ ಅದನ್ನು ಕಾಗದದ ಮೇಲೆ ಹೊಡೆದು ಕೊಡು ಎಂದರು. ಪ್ರಿಂಟರು ಕಿರ್‍ರೆಂದು ಒಂದು ಹಾಳೆ ಉಗುಳಿತು. ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಇಟ್ಟುಕೊಂಡು ಹೊರಟರು. ಮಳೆ ನಿಂತಿತ್ತು, ಛತ್ರಿ ಬೆಂಚಿನ ಹತ್ತಿರವೇ ಉಳಿಯಿತು.

ನಾನು ನೋಡುವ ಹೊತ್ತಿಗೆ ಕಾಲು ತಾಸು ಕಳೆದಿತ್ತು. ಛತ್ರಿ ಹಿಡಿದು ಬಸ್‌ಸ್ಟ್ಯಾಂಡಿಗೆ ಓಡಿದೆ. ಲಕ್ಷ್ಮೇಶ್ವರಕ್ಕೆ ಹೋಗುವ ಶಿರಹಟ್ಟಿ ಮಾರ್ಗದ ಬಸ್ಸು ಇನ್ನೂ ಬಂದಿರಲಿಲ್ಲ. ಮುಂಡರಗಿ ಬಸ್ಸು ನಿಲ್ಲುವ ಜಾಗದಲ್ಲಿ, ಕಲ್ಲಿನ ಕಟ್ಟೆಯ ಮೇಲೆ, ಬಿಳಿ ಸೀರೆಯ ಒಬ್ಬ ನರ್ಸಬಾಯಿಯ ಪಕ್ಕ ಮಾಸ್ತರರು ಕೂತಿದ್ದರು. ಹಾಳೆ ಅವಳ ಕೈಯಲ್ಲಿತ್ತು. ಅವರ ಬೆನ್ನು ನನ್ನ ಕಡೆ ಇತ್ತು.

"ಎಂಟು ಪಾಯಿಂಟ್ ನಾಕು," ಎಂದು ಓದುತ್ತಿದ್ದಳು ಅವಳು, ಜ್ವರದ ಅಂಕಿ ಹೇಳುವ ಹಾಗೆ. "ಎಂಟು ಪಾಯಿಂಟ್ ಆರು. ಎಂಟು ಪಾಯಿಂಟ್ ಐದು. ಯಾರಿಗೆ ಆರಾಮಿಲ್ರಿ ಅಜ್ಜಾರ?"

"ಯಾರಿಗೂ ಅಲ್ಲವ್ವಾ. ಮ್ಯಾಲ ಕೆಳಗ ಏನೈತಿ?"

ಅವಳು ಮೇಲಿನದನ್ನೂ ಕೆಳಗಿನದನ್ನೂ ಓದಿದಳು. ನಾನು ಓದಿದ್ದೇ.

"ಆ ಮೂರು ಸಾಲಿನ ಮುಂದ ಏನರ ಗುರ್ತು ಐತೇನು?"

"ಹೂಂ ಐತ್ರಿ. ಪ್ರಶ್ನಾರ್ಥಕ ಚಿಹ್ನೆ ಹಾಕ್ಯಾರ."

"ಮೂರಕ್ಕೂ?"

"ಮೂರಕ್ಕೂ ಹಾಕ್ಯಾರ್ರಿ. ಬ್ಯಾರೆ ಯಾವದಕ್ಕೂ ಇಲ್ಲ."

ಅದನ್ನು ನಾನು ಓದಿರಲಿಲ್ಲ. ಸಂದೇಹವಿದ್ದ ಸಾಲಿಗೆ ಸಂಘದವರು ಹಾಗೆ ಗುರುತು ಹಾಕುತ್ತಾರೆ ಎಂದು ಸಂಶೋಧಕರ ಕಾಗದದಲ್ಲಿತ್ತು. ಮೂರು ಸಲ ಓದುವಾಗಲೂ ಅದನ್ನು ಕಂಡೂ ದಾಟಿಹೋಗಿದ್ದೆ. ಇಷ್ಟು ವರ್ಷಕ್ಕೆ ಒಂದು ಒಳ್ಳೆಯ ಮಾತು ಕೇಳಲಿ ಎಂದು.

ಅವರು ಹಾಳೆ ಇಸಿದುಕೊಂಡು ಮಡಚಿದರು. ನಾನು ಹತ್ತಿರ ಹೋಗಿ, "ಸರ್ರ, ಛತ್ರಿ ಬಿಟ್ಟು ಬಂದಿದ್ರಿ," ಎಂದೆ. ಧ್ವನಿ ಕೇಳಿ ತಿರುಗಿದರು. ನನ್ನ ಕಿವಿಯ ಕಡೆ, ಅದಕ್ಕಿಂತಲೂ ಆಚೆ ನೋಡಿದರು.

"ಒಬ್ಬನ ಸಾಕ್ಷಿ. ಪ್ರಶ್ನಾರ್ಥಕ ಇರಾಕ ಬೇಕು. ನಾನಾಗಿದ್ರೂ ಹಾಕ್ತಿದ್ದೆ," ಎಂದರು. ಛತ್ರಿ ಇಸಿದುಕೊಂಡು, "ಓದಬೇಕಾಗಿತ್ತು ನೀನು," ಎಂದರು.

ಬಸ್ಸು ಬಂತು. ಕಂಡಕ್ಟರು ಕೈ ಹಿಡಿದು ಹತ್ತಿಸಿಕೊಂಡ. ಆಮೇಲೆ ಅವರು ಗದುಗಿಗೆ ಬಂದದ್ದು ಅವರಿವರಿಂದ ಕೇಳುತ್ತಿದ್ದೆ, ಕಚೇರಿಯ ಕಡೆ ಮಾತ್ರ ಬರಲಿಲ್ಲ. ಆ ಮಾಗಿಯ ದಾಖಲೆಯ ಎರಡು ಡಿಸ್ಕುಗಳೂ ನನ್ನ ಕಪಾಟಿನಲ್ಲಿ ಬಹಳ ವರ್ಷ ಇದ್ದವು. ಕೊನೆಗೆ ಅವನ್ನು ಓದುವ ಯಂತ್ರವೇ ನಮ್ಮಲ್ಲಿ ಉಳಿಯಲಿಲ್ಲ.